ಬೆಂಡೋ ರೀಲೋ? ಮುಳುಗಿದ ಜಾಲಿಯ ನಡುವೆ ಗಾಳ ಹಾಕಿದ್ದು

2022ರ ಮಳೆಗಾಲವನ್ನು ನಮ್ಮ ಕೊಡಿಗೇನಹಳ್ಳಿ ಕಡೆಯವರು ಅಷ್ಟು ಬೇಗ ಮರೆಯುವುದಿಲ್ಲ. ವರ್ಷಗಟ್ಟಲೆ ಬರೀ ಮರಳು ಕಾಣುತ್ತಿದ್ದ ಜಯಮಂಗಲಿ ದಡ ತುಂಬಿ ಹರಿಯಿತು. ಕೆರೆಗಳು ಕೋಡಿ ಬಿದ್ದವು. ನೀರು ಬಂದ ಮೇಲೆ ಮೀನು ಬಂತು, ಮೀನು ಬಂದ ಮೇಲೆ ಗಾಳ ಬಂತು. ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿಕೊಂಡಿದ್ದ ನಾವೆಲ್ಲ ಏರಿ ಮೇಲೆ ಕೂತು ನೀರು ನೋಡುವವರಾದೆವು.

ನಮ್ಮ ಚಿಕ್ಕಪ್ಪನದು ಹಳೇ ಗಾಳ. ಹತ್ತಡಿ ಬಿದಿರು ಕೋಲು, ಕೋಲಿನಷ್ಟೇ ಉದ್ದದ ನೈಲಾನ್ ದಾರ, ಹರಿದ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ಬೆಂಡು. ಮೊದಲೆಲ್ಲ ಜೋಳದ ದಂಟಿನ ಒಳಗಿನ ಬೆಂಡನ್ನೇ ಕಟ್ಟುತ್ತಿದ್ದರಂತೆ. ಈಗ ಚಪ್ಪಲಿ ಕಟ್ಟಿದರೂ ಹೆಸರು ಬೆಂಡೇ. ನಾನು ಆಗಷ್ಟೇ ಸಂಬಳ ಕಂಡವನು. ರೀಲ್ ಇರುವ ರಾಡನ್ನೇ ತರಿಸಿದೆ. ನೂರು ಮೀಟರ್ ದಾರ. ಬೀಸಿದರೆ ಕೆರೆ ನಡುವಿಗೆ ಹೋಗಿ ಬೀಳುತ್ತದೆ, ಹಿಡಿ ತಿರುಗಿಸಿದರೆ ಸರ್ರನೆ ಸುತ್ತಿಕೊಳ್ಳುತ್ತದೆ.

"ಇದ್ರಾಗೆ ಮೀನು ಹಿಡೀತೀಯೋ, ಗಾಳಿಪಟ ಬಿಡ್ತೀಯೋ?" ಅಂದರು ಚಿಕ್ಕಪ್ಪ.

ಅವರು ನಕ್ಕಿದ್ದರಲ್ಲಿ ತಪ್ಪಿರಲಿಲ್ಲ. ಮೊದಲ ವಾರವೇ ಆರು ಗಾಳ ಕಳೆದುಕೊಂಡೆ.

ಕಾರಣ ನೀರಿನ ಕೆಳಗಿತ್ತು. ಬರದ ವರ್ಷಗಳಲ್ಲಿ ಕೆರೆಯಂಗಳದ ತುಂಬ ಬಳ್ಳಾರಿ ಜಾಲಿ ಆಳೆತ್ತರ ಬೆಳೆದಿತ್ತು. ನೀರು ತುಂಬಿದಾಗ ಅದು ನಿಂತಲ್ಲೇ ಮುಳುಗಿತು. ಜೊತೆಗೆ ತೂಬಿನ ಕಲ್ಲುಕಂಬಗಳು, ಜೆಸಿಬಿಯಲ್ಲಿ ಮಣ್ಣು ಎತ್ತಿದ ಗುಂಡಿಗಳು. ಮೀನಿಗೆ ಬೇಕಾಗಿರುವುದೂ ಅಂಥ ಜಾಗವೇ. ಕೊಂಬೆಗೆ ಪಾಚಿ ಕಟ್ಟುತ್ತದೆ, ಹುಳ ಸೇರುತ್ತವೆ, ನೆರಳಿರುತ್ತದೆ, ನೀರುಕಾಗೆ ಬೆನ್ನಟ್ಟಿದರೆ ಮುಳ್ಳಿನ ಸಂದಿಗೆ ನುಗ್ಗಬಹುದು. ಗಾಳ ಕಚ್ಚಿದ ಮೀನೂ ನುಗ್ಗುವುದು ಅಲ್ಲಿಗೇ. ನಲವತ್ತು ಮೀಟರ್ ದೂರದಲ್ಲಿ ಕಚ್ಚಿದ್ದು ನನ್ನ ಕೈಗೆ ಗೊತ್ತಾಗುವಷ್ಟರಲ್ಲಿ ಅದು ದಾರವನ್ನು ಎರಡು ಗಿಡಕ್ಕೆ ಸುತ್ತಿರುತ್ತಿತ್ತು.

ಆಮೇಲೆ ತಿಳಿಯಿತು, ಸಮುದ್ರದಲ್ಲೂ ಇದೇ ತಲೆನೋವಿದೆ. ಅಮೆರಿಕದ ತೆಂಕಣಕ್ಕಿರುವ ಮೆಕ್ಸಿಕೊ ಕೊಲ್ಲಿಯಲ್ಲಿ ಎಣ್ಣೆ ತೆಗೆಯಲು ನೀರಿನೊಳಗೆ ಉಕ್ಕಿನ ಕಂಬ ನಿಲ್ಲಿಸಿದ್ದಾರೆ. ನಮ್ಮ ಜಾಲಿಯ ಹಾಗೆ ಆ ಕಂಬಗಳ ಸುತ್ತಲೂ ಮೀನು ಸೇರುತ್ತವೆ. ಅಲ್ಲಿ ಮುಳುಗಿ ಈಟಿಯಿಂದ ಮೀನು ಹೊಡೆಯುವವರಿದ್ದಾರೆ. ಈಟಿ ಹಾರಿಸುವ ಬಂದೂಕಿನಿಂದ ಉದ್ದ ಹುರಿ ಬಿಟ್ಟು ಮೇಲೆ ತೇಲುವ ದೊಡ್ಡ ಬೆಂಡಿಗೆ ಕಟ್ಟುವುದು ಒಂದು ದಾರಿ. ಬಂದೂಕಿಗೇ ರೀಲ್ ಕೂರಿಸುವುದು ಇನ್ನೊಂದು. ಬೆಂಡಿನ ಹುರಿಯಾದರೆ ದೊಡ್ಡ ಮೀನು ಎಳೆದಾಗ ಬಂದೂಕು ಕೈಬಿಟ್ಟು ಉಸಿರಿಗೆ ಮೇಲೆ ಬರಬಹುದು, ಬೆಂಡು ಎಲ್ಲಿದೆ ಅಂತ ನೋಡಿ ಹಿಂದೆ ಹೋದರಾಯಿತು. ಆದರೆ ಕಂಬಗಳ ನಡುವೆ ಆ ಉದ್ದ ಹುರಿ ಸಿಕ್ಕಿಕೊಳ್ಳುತ್ತದೆ, ಕೆಲವೊಮ್ಮೆ ಮನುಷ್ಯನಿಗೇ ಸುತ್ತಿಕೊಳ್ಳುತ್ತದೆ. ರೀಲ್‌ನಲ್ಲಿ ಹಿಂದೆ ಎಳೆದಾಡುವ ಹುರಿ ಇಲ್ಲ. ಆದರೆ ಬಂದೂಕು ಬಿಟ್ಟರೆ ಹೋಯಿತು ಅನ್ನುವ ಆಸೆಗೆ ಉಸಿರು ಕಟ್ಟಿ ಹಿಡಿದುಕೊಂಡೇ ಇರುವ ಅಪಾಯವಿದೆ. ಯಾವುದೇ ಇರಲಿ, ಹುರಿ ಕೊಯ್ಯಲು ಚಾಕು ಕೈಗೆಟುಕುವಂತೆ ಇಟ್ಟುಕೊಳ್ಳುತ್ತಾರೆ.

ಇದೆಲ್ಲ ನನಗೆ ಮೊದಲೇ ಗೊತ್ತಿದ್ದರೆ ಎಡಗೈಯ ಈ ಗಾಯದ ಗುರುತು ಇರುತ್ತಿರಲಿಲ್ಲ.

ಏಳನೇ ಗಾಳ ದಡದಿಂದ ಇಪ್ಪತ್ತಡಿ ದೂರದ ಗಿಡಕ್ಕೆ ಸಿಕ್ಕಿತು. ಇಪ್ಪತ್ತಡಿ ತಾನೇ ಅಂದುಕೊಂಡೆ. ರಾಡನ್ನು ಏರಿ ಮೇಲೆ ಮಲಗಿಸಿ, ದಾರವನ್ನು ಎಡಗೈಗೆ ನಾಲ್ಕು ಸುತ್ತು ಸುತ್ತಿಕೊಂಡು, ಎಳೆಯುತ್ತ ನೀರಿಗಿಳಿದೆ. ಮೊಣಕಾಲು, ಸೊಂಟ. ಮುಂದಿನ ಹೆಜ್ಜೆಗೆ ನೆಲವೇ ಇರಲಿಲ್ಲ. ಮಣ್ಣು ಎತ್ತಿದ ಗುಂಡಿ. ತಲೆ ಒಳಗೆ ಹೋಯಿತು. ದಾರ ಬಿಗಿದು ಕೈಯನ್ನು ಗಿಡದ ಕಡೆಗೆ ಜಗ್ಗಿತು. ನನಗೆ ಈಜು ಬರುತ್ತದೆ. ಆದರೆ ಒಂದು ಕೈ ಕಟ್ಟಿಹಾಕಿದವನ ಈಜು ಎಂಥದ್ದು ಹೇಳಿ?

ಮೇಲೆ ಬಂದಾಗ ಕೇಳಿದ್ದು ಚಿಕ್ಕಪ್ಪನ ಕೂಗು: "ದಾರ ಬಿಡ್ಲಾ! ಕೋಲು ಹಿಡ್ಕಳ್ಲಾ!"

ಬಿಡಬೇಕು ಅಂದರೂ ಬಿಡುವ ಹಾಗಿರಲಿಲ್ಲ, ಸುತ್ತು ಚರ್ಮದೊಳಗೆ ಕೂತಿತ್ತು. ಬಲಗೈಗೆ ಬಿದಿರು ಕೋಲು ಸಿಕ್ಕಿತು. ಅವರು ಎಳೆದರು. ಆ ಕಡೆ ಜಾಲಿ, ಈ ಕಡೆ ಚಿಕ್ಕಪ್ಪ, ನಡುವೆ ನಾನು. ಗಟ್ಟಿ ದಾರ ಅಂತ ಹೆಮ್ಮೆಪಟ್ಟು ತಂದಿದ್ದೆನಲ್ಲ, ಅದು ಹರಿಯಲಿಲ್ಲ. ಕೊನೆಗೆ ಮುರಿದದ್ದು ಜಾಲಿ ಕೊಂಬೆ. ದಡಕ್ಕೆ ಬಂದ ಮೇಲೆ ಅವರು ಬೈಯಲಿಲ್ಲ. ಬೀಡಿ ಹಚ್ಚಲು ಹೋಗಿ ಮೂರು ಕಡ್ಡಿ ಕೆಡಿಸಿದರು, ಅಷ್ಟೇ.

ಹಾಗಂತ ರೀಲ್ ಬಿಟ್ಟಿಲ್ಲ. ಕೋಡಿ ಕಡೆ ಗಿಡವಿಲ್ಲದ ಬಯಲು ನೀರಿದೆ, ಅಲ್ಲಿ ಗೆಂಡೆಗೆ, ಕಾಟ್ಲಾಕ್ಕೆ ರೀಲೇ ಸರಿ. ದೊಡ್ಡ ಮೀನು ಓಡಿದರೆ ದಾರ ಬಿಟ್ಟು ಸುಸ್ತು ಮಾಡಿ ಎಳೆಯಬಹುದು. ಗಿಡದ ಹತ್ತಿರ, ತೂಬಿನ ಹತ್ತಿರ ಈ ಆಟ ನಡೆಯುವುದಿಲ್ಲ. ಅಲ್ಲಿ ದಾರ ಬಿಟ್ಟಷ್ಟೂ ಮೀನು ಗಿಡ ಸುತ್ತುತ್ತದೆ. ಅಲ್ಲಿಗೆ ಕೋಲು, ಬೆಂಡು. ದಾರ ಕೋಲಿನಷ್ಟೇ ಇರುವುದರಿಂದ ಮೀನು ತಿರುಗುವ ಮೊದಲೇ ನೆಟ್ಟಗೆ ಮೇಲೆತ್ತಬಹುದು. ಬೆಂಡನ್ನು ದಾರದ ಮೇಲೆ ಜರುಗಿಸಿ, ಗಾಳ ತಳಕ್ಕಿಂತ ಒಂದು ಗೇಣು ಮೇಲೆ ನಿಲ್ಲುವಂತೆ ಮಾಡಿದರೆ ಬುಡದ ಕೊಂಬೆಗೆ ಸಿಕ್ಕುವುದೂ ಕಡಿಮೆ. ನನ್ನ ರೀಲಿನ ದಾರಕ್ಕೆ ಬೆಂಡು ಇರಲಿಲ್ಲ, ಸೀಸದ ಗುಂಡು ಸೀದಾ ಮುಳ್ಳಿನೊಳಗೆ ಹೋಗಿ ಕೂರುತ್ತಿತ್ತು. ಬೆಂಡು ಸುದ್ದಿಯನ್ನೂ ಬೇಗ ಹೇಳುತ್ತದೆ. ಜಿಲೇಬಿ ಕಚ್ಚಿದರೆ ಪುಟಪುಟ ಕುಣಿಯುತ್ತದೆ, ಕೊರಮೀನಾದರೆ ಒಂದೇ ಸಲಕ್ಕೆ ಕಾಣೆ.

ಈಗ ದಾರವನ್ನು ಕೈಗೆ ಸುತ್ತುವುದಿಲ್ಲ. ಜೇಬಿನಲ್ಲಿ ಚಾಕು ಇರುತ್ತದೆ. ಸಿಕ್ಕಿಕೊಂಡರೆ ದಡದಿಂದಲೇ ಎಳೆದು ನೋಡುತ್ತೇನೆ, ಬರದಿದ್ದರೆ ಕೊಯ್ಯುತ್ತೇನೆ. ಗಾಳಕ್ಕೆ ಕೊಡುವುದು ಕೆಲವು ರೂಪಾಯಿ. ಇನ್ನೊಂದು ಮಾತು, ಕೆರೆಯ ಮೀನನ್ನು ಪಾಶುವಾರು ಹರಾಜಿನಲ್ಲಿ ಹಿಡಿದವರಿದ್ದರೆ ಕೇಳಿಯೇ ಗಾಳ ಹಾಕಿ, ಅವರು ಮರಿ ಬಿಟ್ಟು ಕಾಯುತ್ತಿರುತ್ತಾರೆ.

ಕೊಯ್ದು ಬಿಟ್ಟ ದಾರ ಮಾತ್ರ ಮನಸ್ಸಿಗೆ ಚುಚ್ಚುತ್ತಿತ್ತು. ನೈಲಾನ್ ಕೊಳೆಯುವುದಿಲ್ಲ. ನೀರು ಇಳಿದಾಗ ಒಂದು ಬೆಳ್ಳಕ್ಕಿ ಕಾಲಿಗೆ ದಾರ ಸುತ್ತಿಕೊಂಡು ಜಾಲಿಯಲ್ಲಿ ತಲೆಕೆಳಗಾಗಿ ಒಣಗಿತ್ತು. ನಮ್ಮ ಪಕ್ಕದ ಶಿರಾ ತಾಲ್ಲೂಕಿನ ಕಗ್ಗಲಡುವಿನಲ್ಲಿ ಹುಣಸೆಮರದ ಮೇಲೆ ಗೂಡು ಕಟ್ಟುವ ಬಣ್ಣದ ಕೊಕ್ಕರೆಗಳೂ ಮೀನಿಗೆ ಕೆರೆಗಳನ್ನೇ ನಂಬಿರುವುದು. ಅದನ್ನು ನೋಡಿದ ಮೇಲೆ ಬೇಸಿಗೆಯಲ್ಲಿ ನಾನೂ ಚಿಕ್ಕಪ್ಪನೂ ಒಂದು ಬೆಳಿಗ್ಗೆ ಕುಡುಗೋಲು ಹಿಡಿದು ಕೆರೆಯಂಗಳಕ್ಕೆ ಇಳಿದೆವು. ಗಿಡದಿಂದ ಗಿಡಕ್ಕೆ ದಾರ ಜೇಡರಬಲೆಯಂತೆ ಹೊಳೆಯುತ್ತಿತ್ತು. ಅರ್ಧ ಗೊಬ್ಬರದ ಚೀಲ ತುಂಬಿತು.

ಒಂದು ಗಿಡದ ಹತ್ತಿರ ಚಿಕ್ಕಪ್ಪ ನಿಂತರು. ತುಕ್ಕು ಹಿಡಿದ ಗಾಳ, ಸೀಸದ ಗುಂಡು, ಹತ್ತು ಮಾರು ದಾರ ಬಿಡಿಸಿ ನನ್ನ ಕೈಗಿಟ್ಟರು.

"ತಗಳಪ್ಪ, ನಿನ್ ಗಾಳಿಪಟ."