ಅಜ್ಜಿಯ ಎಡಗೈಗೆ ಒಂದು ದಿಂಬು

ಲಕ್ವ ಹೊಡೆದು ಅಜ್ಜಿಯ ಎಡಭಾಗದ ಸ್ವಾಧೀನ ತಪ್ಪಿದಾಗ ನೋಡಲು ಬಂದವರೆಲ್ಲ ಎಣ್ಣೆ, ಔಷಧಿ ಹೇಳಿ ಹೋದರು. ಹೇಗೆ ಮಲಗಿಸಬೇಕೆಂದು ಹೇಳಿಕೊಟ್ಟವರು ಫಿಸಿಯೋಥೆರಪಿ ಮೇಡಂ ಒಬ್ಬರೇ.

ಬಲವಿಲ್ಲದ ಕೈ ಜೋತುಬಿದ್ದರೆ ಅದರ ಭಾರಕ್ಕೇ ಭುಜದ ಕೀಲು ಜಾರಬಹುದು. ಅದಕ್ಕೇ ಅಂಗಾತ ಮಲಗಿದಾಗ ಎಡಭುಜದಿಂದ ಬೆರಳಿನವರೆಗೂ ಕೆಳಗೆ ದಿಂಬು. ಬಲಮಗ್ಗುಲಾದರೆ ಎಡಗೈ ಮುಂದೆ ಚಾಚಿ ದಿಂಬಿನ ಮೇಲೆ, ಎಡಗಾಲು ಮಡಿಸಿ ಇನ್ನೊಂದರ ಮೇಲೆ. ಎಡಮಗ್ಗುಲಿಗೂ ಮಲಗಿಸಬಹುದು, ಭುಜ ಮೈಯಡಿ ಸಿಗದಂತೆ ಮುಂದಕ್ಕೆ ತಂದಿರಬೇಕು. ದಿಂಬು ಸಾಲದ್ದಕ್ಕೆ ಕೌದಿ ಮಡಚಿಟ್ಟೆವು. ಹುಣ್ಣಾಗದಿರಲು 2 ತಾಸಿಗೊಮ್ಮೆ ಮಗ್ಗುಲು ಬದಲಿಸುವಾಗ ನಿದ್ದೆಗೆಟ್ಟ ಅಜ್ಜಿ ಬೈಯುತ್ತಿದ್ದಳು.

ಕಷ್ಟವಾದದ್ದು ದೊಡ್ಡಪ್ಪನನ್ನು ಒಪ್ಪಿಸುವುದು. ಎಬ್ಬಿಸುವಾಗ ಆ ಕೈಯನ್ನೇ ಹಿಡಿದು ಎಳೆಯುತ್ತಿದ್ದರು. "ದೊಡ್ಡಪ್ಪ, ಕೈ ಜಗ್ಗಬ್ಯಾಡ್ರಿ, ಬೆನ್ನಿಗೆ ಕೈ ಕೊಡ್ರಿ" ಅಂತ ದಿನಾ ಹೇಳಿದೆ. ಈಗ ಬೇರೆ ಯಾರಾದರೂ ಜಗ್ಗಿದರೆ ಅವರೇ ಗದರುತ್ತಾರೆ.