ಕೊನೆಯ ಹಲ್ಲು

ಹೋದ ವರ್ಷ ದೀಪಾವಳಿಗೆ ಊರಿಗೆ ಹೋದಾಗ ಅಪ್ಪ ನನ್ನ ಬೈಕಿನಿಂದ ಇಳಿದು ನಡೆದುಕೊಂಡೇ ಮನೆಗೆ ಬಂದ.

ಎಚ್.ಡಿ. ಕೋಟೆ ರಸ್ತೆಯಲ್ಲಿ ಬಸ್ಸು ಇಳಿದರೆ ನಮ್ಮೂರು 3 ಕಿಲೋಮೀಟರ್ ಒಳಗೆ. ಅಪ್ಪ ಬಸ್ಸಿನಲ್ಲಿ ಬರುತ್ತಾನೆಂದು ಗೊತ್ತಾಗಿ ನಾನೇ ಬೈಕು ತೆಗೆದುಕೊಂಡು ಹೋಗಿ ಒತ್ತಾಯದಿಂದ ಕೂರಿಸಿಕೊಂಡಿದ್ದೆ. ಸೊಂಟದ ಡಿಸ್ಕ್ ಆಪರೇಷನ್ ಆಗಿ ಹತ್ತು ತಿಂಗಳಾಗಿತ್ತು. ಆರು ತಿಂಗಳು ಬೈಕಿನ ಸಹವಾಸ ಬೇಡ, ಆಮೇಲೆ ಹತ್ತಿರದ ಓಡಾಟಕ್ಕೆ ನಿಧಾನವಾಗಿ ಹೋದರೆ ತೊಂದರೆಯಿಲ್ಲ ಎಂದಿದ್ದರು ಡಾಕ್ಟರು. ಶಾಲೆಯ ಮುಂದಿನ ಹಂಪು ದಾಟಿದಾಗ ಹಿಂದಿನಿಂದ ಸಣ್ಣದೊಂದು ಸದ್ದು ಬಂತು, ಉಸಿರು ಕಚ್ಚಿ ಹಿಡಿದಂಥದ್ದು. ‘ನಿಲ್ಸು ಮಗ. ನೀನು ಹೋಗ್ತಿರು, ನಾನು ಹಂಗೇ ಬತ್ತೀನಿ’ ಅಂದ. ನಾನು ಮೊದಲನೇ ಗೇರಿನಲ್ಲಿ ಪಕ್ಕದಲ್ಲೇ ತೆವಳುತ್ತಾ ಬಂದೆ. ಎದುರು ಸಿಕ್ಕವರು, ಬೈಕಿದ್ದೂ ಯಾಕೆ ನಡೀತಿದ್ದೀಯ ಎಂದು ಕೇಳಿದರೆ, ‘ಶುಗರ್ ಐತೆ, ನಡೀಬೇಕಂತೆ’ ಎಂದು ಇಲ್ಲದ ಕಾಯಿಲೆಯೊಂದನ್ನು ಹೇಳಿಕೊಂಡ.

ಬೈಕು ಅವನದೇ. 2005ರ ಹೀರೊ ಹೋಂಡಾ ಸ್ಪ್ಲೆಂಡರ್. ಹನ್ನೆರಡು ವರ್ಷ ಅದರ ಮೇಲೆ ಹಾಲು ಹಾಕಿದ. ಸೊಂಟ ಕೈಕೊಟ್ಟು ಹಾಲಿನ ವ್ಯಾಪಾರ ಬಿಟ್ಟ ಮೇಲೆ ಅದು ನನ್ನ ಜೊತೆ ಮೈಸೂರಿನ ಹಾಸ್ಟೆಲಿಗೆ ಬಂತು. ಎಂ.ಎ. ಮುಗಿದು ಪಿಎಚ್‌.ಡಿ. ಶುರುವಾಗಿ, ಕ್ಷೇತ್ರಕಾರ್ಯವೂ ಅದರ ಮೇಲೇ ನಡೆದಿತ್ತು. ಕುಲುಕುತ್ತದೆ ಎಂದು ಗೊತ್ತಿತ್ತು, ಹಳೇ ಗಾಡಿ ಕುಲುಕುವುದೇ ಧರ್ಮ ಎಂದುಕೊಂಡಿದ್ದೆ.

ಹಬ್ಬ ಮುಗಿಸಿ ವಾಪಸು ಬಂದವನು ಮೂರನೇ ಅಧ್ಯಾಯ ಬರೆಯುವ ಬದಲು ವಾರಗಟ್ಟಲೆ ಶಾಕ್ ಅಬ್ಸಾರ್ಬರುಗಳ ಬಗ್ಗೆ ಓದಿದೆ. ಫೆಲೋಶಿಪ್ಪಿನ ಮೂರು ತಿಂಗಳ ಹಣ ಒಟ್ಟಿಗೆ ಬಂದಿತ್ತು. ಗ್ಯಾಸ್ ತುಂಬಿದ, ಪಕ್ಕದಲ್ಲಿ ಪುಟ್ಟ ಸಿಲಿಂಡರ್ ಅಂಟಿಸಿಕೊಂಡ, ಕೆಂಪು ಸ್ಪ್ರಿಂಗಿನ ಜೋಡಿಯೊಂದನ್ನು ನಾಲ್ಕು ಸಾವಿರ ಚಿಲ್ಲರೆ ಕೊಟ್ಟು ತಂದು ಹಾಕಿಸಿದೆ. ನೋಡಲಿಕ್ಕೆ ಚೆನ್ನಾಗಿತ್ತು. ಹಾಸ್ಟೆಲಿನವರೆಲ್ಲ ಬಂದು ಸೀಟು ಒತ್ತಿ ನೋಡಿದರು, ಸೀಟು ಮಾತ್ರ ಕದಲಲಿಲ್ಲ. ಸ್ನೇಹಿತನೊಬ್ಬನನ್ನು ಹಿಂದೆ ಕೂರಿಸಿಕೊಂಡು ಒಂದು ಸುತ್ತು ಹೋಗಿ ಬಂದರೆ, ‘ಇದರ ಮೇಲೆ ನಿಮ್ಮಪ್ಪನ್ನ ಕೂರಿಸಬೇಡ ಮಾರಾಯ’ ಅಂದ.

ಹಾಗೆ ಮಂಡಿ ಮೊಹಲ್ಲಾದ ಮೇಸ್ತ್ರಿಯ ಬಳಿ ಹೋದದ್ದು. ಹೆಸರು ಹಾಕಬೇಡ ಎಂದಿದ್ದಾರೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. 1996ರಲ್ಲಿ ಅದು ಬಾಗಿಲು ಹಾಕಿದ ಮೇಲೆ ಗ್ಯಾರೇಜು ತೆರೆದರು. ಜಾವಾ, ಯೆಜ್ಡಿ ಅಲ್ಲದ ಗಾಡಿಗಳನ್ನೆಲ್ಲ ಸ್ವಲ್ಪ ಕರುಣೆಯಿಂದ ನೋಡುತ್ತಾರೆ.

ಹೊಸ ಶಾಕ್ಸ್ ನೋಡಿ ಅವರು ಬೈಯಲಿಲ್ಲ. ‘ಇದು ಇನ್ನೂ ಭಾರದ ಗಾಡಿಗೆ ಮಾಡಿರೋದು. ನಿನ್ನ ಗಾಡಿ ಇದನ್ನ ಅದುಮೋದೇ ಇಲ್ಲ’ ಅಂದರು. ಹಳೆಯದೆಲ್ಲಿ ಎಂದು ಕೇಳಿದರು. ಚೀಲದಲ್ಲಿತ್ತು. ತೆಗೆದು ಒರೆಸಿ, ಒಂದನ್ನು ನೆಲಕ್ಕೆ ಊರಿ ಒತ್ತಿ ಬಿಟ್ಟರು. ಅದು ಆಟದ ಸಾಮಾನಿನ ಹಾಗೆ ಪುಟಪುಟನೆ ಕುಣಿಯಿತು. ಒಳಗಿನ ಎಣ್ಣೆಯೆಲ್ಲ ಸೋರಿಹೋಗಿದೆ ಎಂದರು. ಸ್ಪ್ರಿಂಗಿನ ಕೆಲಸ ಪೆಟ್ಟು ತಿನ್ನುವುದಷ್ಟೇ. ತಿಂದದ್ದನ್ನು ಹಾಗೆಯೇ ವಾಪಸು ಎಸೆಯುವುದು ಅದರ ಸ್ವಭಾವ. ಸಣ್ಣ ತೂತುಗಳಲ್ಲಿ ನುಗ್ಗಿ ಹರಿಯುವ ಎಣ್ಣೆ ಆ ಎಸೆತವನ್ನು ತಡೆದು ನಿಧಾನ ಮಾಡುತ್ತದೆ. ಅಪ್ಪನ ಸೊಂಟಕ್ಕೆ ಹಂಪು ಹತ್ತಿದಾಗ ಒಂದು ಪೆಟ್ಟು, ಇಳಿದಾಗ ಇನ್ನೊಂದು ಪೆಟ್ಟು ಬಿದ್ದಿತ್ತು.

ಆಮೇಲೆ ಮೇಸ್ತ್ರಿ ಶಾಕ್ಸಿನ ಕೆಳಗಿರುವ, ಮೆಟ್ಟಿಲು ಮೆಟ್ಟಿಲಾಗಿ ಕೊರೆದ ಬಳೆಯನ್ನು ಬೆರಳಿನಿಂದ ಸವರಿದರು. ಅದನ್ನು ಕೊಕ್ಕೆ ಸ್ಪ್ಯಾನರಿನಿಂದ ತಿರುಗಿಸಿದರೆ ಸ್ಪ್ರಿಂಗು ಬಿಗಿಯಾಗುತ್ತದೆ ಅಥವಾ ಸಡಿಲವಾಗುತ್ತದೆ. ಎರಡೂ ಕೊನೆಯ ಹಲ್ಲಿನಲ್ಲಿ ನಿಂತು ತುಕ್ಕು ಹಿಡಿದಿದ್ದವು. ‘ಇದರ ಮೇಲೆ ಏನು ಹೇರ್ತಿದ್ರಿ?’

ಹಾಲು ಅಂದೆ. ಅಕ್ಕಪಕ್ಕ 40 ಲೀಟರಿನ ಎರಡು ಕ್ಯಾನು. ಲೀಟರ್ ಹಾಲು ಒಂದು ಕಿಲೋಗಿಂತ ತುಸು ಹೆಚ್ಚೇ ತೂಗುತ್ತದೆ. 80 ಕಿಲೋ ದಾಟಿತು, ಕ್ಯಾನಿನ ತೂಕ ಬೇರೆ, ಅಪ್ಪ ಬೇರೆ. ಅಷ್ಟು ಭಾರಕ್ಕೆ ಬಿಗಿದದ್ದನ್ನು ಹಾಲು ನಿಂತ ಮೇಲೆ ಯಾರೂ ಸಡಿಲಿಸಿರಲಿಲ್ಲ. ನಾನು ಏಳು ವರ್ಷ ಇಲ್ಲದ ಹಾಲಿನ ಬಿಗಿತದ ಮೇಲೆ ಕೂತು ಓಡಾಡಿದ್ದೆ.

‘ಹಾಗಾದ್ರೆ ತೀರಾ ಸಡಿಲ ಮಾಡಿಬಿಟ್ರೆ ಮೆತ್ತಗಾಗುತ್ತಲ್ಲ?’ ಎಂದೆ.

‘ಆಗ ಹಂಪಿನ ಮೇಲೆ ತಳ ಹೊಡೆಯುತ್ತೆ. ಅದು ಇನ್ನೂ ಕೆಟ್ಟದ್ದು. ನೋಡಪ್ಪ, ಚಕ್ರಕ್ಕೆ ಮೇಲೆ ಹೋಗೋಕೂ ಜಾಗ ಬೇಕು, ಗುಂಡಿಗೆ ಇಳಿಯೋಕೂ ಜಾಗ ಬೇಕು. ನೀವಿಬ್ರೂ ಕೂತಾಗ ಶಾಕು ತನ್ನ ಓಟದಲ್ಲಿ ಸುಮಾರು ಮೂರನೇ ಒಂದು ಭಾಗ ಇಳಿದಿರಬೇಕು.’ ಅಪ್ಪನ ತೂಕ ಕೇಳಿದರು. 74 ಅಂದೆ, ಡಿಸ್ಚಾರ್ಜ್ ಚೀಟಿಯಲ್ಲಿ ಹಾಗಿತ್ತು. ‘ಯಾವಾಗ ನೋಡಿದ್ದು?’ ನಾನು ಉತ್ತರಿಸಲಿಲ್ಲ. ‘ಊರಿಗೆ ಹೋಗಿ ತೂಗಿಸು. ಅಲ್ಲೇ ಅಳತೆ ಮಾಡಿ ಹಲ್ಲು ಹಾಕು’ ಎಂದು ತಮ್ಮ ಕೊಕ್ಕೆ ಸ್ಪ್ಯಾನರನ್ನೇ ಕೊಟ್ಟರು.

ಕೆಂಪು ಸ್ಪ್ರಿಂಗಿನ ಜೋಡಿ ಅರ್ಧ ಬೆಲೆಗೆ 150 ಸಿಸಿ ಬೈಕಿನ ಜೂನಿಯರ್ ಒಬ್ಬನ ಪಾಲಾಯಿತು. ಮೇಸ್ತ್ರಿ ಕಂಪನಿಯ ಸಾಧಾರಣ ಶಾಕ್ಸ್ ಹಾಕಿದರು. ಮುಂದಿನ ಫೋರ್ಕಿನಿಂದ ಗಂಜಿಯಂತಾಗಿದ್ದ ಕಪ್ಪು ಎಣ್ಣೆಯನ್ನು ಸುರಿದು, ಸೀಲು ಬದಲಿಸಿ, ಹೊಸ ಎಣ್ಣೆ ಅಳೆದು ತುಂಬಿದರು. ಸವೆದ ಸ್ವಿಂಗ್ ಆರ್ಮ್ ಬುಷ್ ಬದಲಾಯಿತು. ಬಂಕಿನ ಹುಡುಗ ಕಣ್ಣಳತೆಯಲ್ಲಿ ತುಂಬುತ್ತಿದ್ದ ಗಾಳಿಯನ್ನು ಗೇಜು ಹಿಡಿದು ಸರಿ ಮಾಡಿದರು. ಎಲ್ಲ ಸೇರಿ ನಾನು ಮೊದಲು ಕಳೆದುಕೊಂಡ ಹಣದಷ್ಟೂ ಆಗಲಿಲ್ಲ.

ಊರಿನಲ್ಲಿ ತೂಕದ ಯಂತ್ರ ಇದ್ದದ್ದು ನ್ಯಾಯಬೆಲೆ ಅಂಗಡಿಯಲ್ಲಿ. ಬೈಕಿಗೆ ಬೇಕು ಎಂದಾಗ ಅಪ್ಪ ನಗುತ್ತಲೇ ಹತ್ತಿ ನಿಂತ. ಕೆಂಪು ಅಂಕಿ ಅತ್ತಿತ್ತ ಓಡಾಡಿ 61ಕ್ಕೆ ನಿಂತಿತು. ಅಂಗಡಿಯವನು ಯಂತ್ರ ಕೆಟ್ಟಿದೆಯೇನೋ ಎಂದು ಅಕ್ಕಿ ಮೂಟೆಯೊಂದನ್ನು ಇಟ್ಟು ನೋಡಿದ. ಯಂತ್ರ ಸರಿಯಾಗಿತ್ತು.

ತಿಂಗಳಿಗೆರಡು ಸಲ ಬರುತ್ತಿದ್ದ ನನ್ನ ಕಣ್ಣಿಗೆ 13 ಕಿಲೋ ಕಂಡಿರಲಿಲ್ಲ. ಅಂಗಿ ದೊಗಲೆಯಾದದ್ದನ್ನು ನೋಡಿದ್ದೆ, ಹಳೇ ಅಂಗಿ ಅಂದುಕೊಂಡಿದ್ದೆ. ‘ನೋವಿನ ಮಾತ್ರೆ ತಿಂದು ಹೊಟ್ಟೆ ಉರಿ ಅಂತ ಅರ್ಧ ಮುದ್ದೇಗೇ ಎದ್ಬಿಡ್ತದೆ’ ಅಂದಳು ಅವ್ವ. ನನಗೆ ಹೇಳಲಿಲ್ಲ ಯಾಕೆ ಎಂದರೆ, ‘ನೀನು ಬರೀತಾ ಇದ್ದೀಯಲ್ಲ’ ಎಂದಳು.

ಮಾರನೇ ಬೆಳಿಗ್ಗೆ ಅಂಗಳದಲ್ಲಿ ದೊಡ್ಡ ಸ್ಟ್ಯಾಂಡ್ ಹಾಕಿ, ಹಿಂದಿನ ಚಕ್ರ ಗಾಳಿಯಲ್ಲಿದ್ದಾಗ ಆಕ್ಸಲಿನಿಂದ ಸೀಟಿನ ಕೆಳಗಿನ ಬೋಲ್ಟಿನವರೆಗೆ ದರ್ಜಿ ಟೇಪಿನಿಂದ ಅಳೆದೆ. ಸ್ಟ್ಯಾಂಡ್ ತೆಗೆದು ನಾವಿಬ್ಬರೂ ಹತ್ತಿ ಕೂತೆವು. ಪಕ್ಕದ ಮನೆಯ ಹುಡುಗ ಬೈಕು ಹಿಡಿದ, ಅವ್ವ ಕುಕ್ಕರಗಾಲಲ್ಲಿ ಕೂತು ಅಳೆದಳು. ಎರಡು ಸಲ ಹಲ್ಲು ಬದಲಿಸಿದ ಮೇಲೆ ಲೆಕ್ಕ ಕೂಡಿತು.

ಅದೇ ದಿನ ಕೋಟೆಗೆ ಹೋದೆವು, ರಕ್ತ ಪರೀಕ್ಷೆಗೆ. ಶಾಲೆಯ ಹಂಪಿಗೆ ನಾನು ಪೂರ್ತಿ ನಿಧಾನ ಮಾಡಿದೆ. ಬೈಕು ಏರಿತು, ಇಳಿದು ಸುಮ್ಮನೆ ಕೂತಿತು. ಹಿಂದಿನಿಂದ ಸದ್ದು ಬರಲಿಲ್ಲ. ಸ್ವಲ್ಪ ದೂರ ಹೋದ ಮೇಲೆ ಅಪ್ಪ, ‘ಹಂಪು ತೆಗೆದುಬಿಟ್ರಾ?’ ಎಂದ. ತಮಾಷೆ ಮಾಡಿದನೋ ನಿಜಕ್ಕೂ ಕೇಳಿದನೋ ತಿಳಿಯಲಿಲ್ಲ. ರಿಪೋರ್ಟಿನಲ್ಲಿ ಹೆದರುವಂಥದ್ದು ಇರಲಿಲ್ಲ. ಡಾಕ್ಟರು ಮಾತ್ರೆ ಬದಲಿಸಿದರು.

ರಾತ್ರಿ ಊಟಕ್ಕೆ ಕೂತಾಗ ಕೊನೆಯ ಹಲ್ಲಿನ ಕಥೆ ಹೇಳಿದೆ. ಅಪ್ಪ ಮುದ್ದೆ ಮುರಿಯುತ್ತಾ ಸುಮ್ಮನಿದ್ದ.

‘ಅದನ್ನ ಬಿಗಿ ಮಾಡಿದ್ದು ನಾನು ಕಣಪ್ಪ’ ಅಂದಳು ಅವ್ವ. ‘ಕ್ಯಾನು ಹೇರಿದ್ರೆ ಗಾಡಿ ಕುಸೀತಿತ್ತು. ಇವರಿಗೆ ಆಗ್ಲೇ ಬಗ್ಗಕ್ಕಾಯ್ತಿರ್ಲಿಲ್ಲ. ಇವರು ಹೇಳ್ಕೊಟ್ರು, ನಾನು ತಿರುವಿದೆ.’

‘ಯಾವಾಗ?’

‘ನೀನು ಪಿಯುಸಿಲಿದ್ಯಲ್ಲ, ಆಗ.’