ಮನೆಯ ಹಿಂದಿನ ತೋಡು

ಧರ್ಮಸ್ಥಳಕ್ಕೆ ಹೋಗಿ ಬರುವ ನಮ್ಮ ಬಯಲುಸೀಮೆಯ ಕುಟುಂಬಗಳಿಗೆ ನೇತ್ರಾವತಿ ಹೊಸಬಳಲ್ಲ. ನದಿಯಲ್ಲಿ ಮಿಂದು, ದರ್ಶನ ಮುಗಿಸಿ, ಬೆಳ್ತಂಗಡಿ, ವೇಣೂರುಗಳ ಹಾದಿಯಲ್ಲಿ ಮೂಡಬಿದಿರೆಗೆ ಹೋಗಿ, 1430ರಲ್ಲಿ ಕಟ್ಟಿದ ಸಾವಿರ ಕಂಬದ ಬಸದಿಯನ್ನು ಕಂಡು ಮರಳುವುದು ವಾಡಿಕೆ. ಕಳೆದ ಡಿಸೆಂಬರಿನಲ್ಲಿ ನಾವೂ ಹಾಗೆಯೇ ಹೊರಟವರು. ಆದರೆ ಮೂಡಬಿದಿರೆಯ ಅಂಚಿನಲ್ಲಿರುವ ಸ್ನೇಹಿತರ ಮನೆಯಲ್ಲಿ ಎರಡು ದಿನ ತಂಗಿದ್ದರಿಂದ, ಯಾತ್ರಿಕರಾರೂ ಕೇಳದ ಒಂದು ಪುಟ್ಟ ತೊರೆಯ ದರ್ಶನವೂ ನಮಗಾಯಿತು.

ಈ ಸೀಮೆಯಲ್ಲಿ ಇಂತಹ ತೊರೆಯನ್ನು ತೋಡು ಎನ್ನುತ್ತಾರೆ. ಮನೆಗಳ ಸಾಲು ಮುಗಿದೊಡನೆ ಮುರಕಲ್ಲಿನ ಗುಡ್ಡ, ಅದರ ಬುಡದಲ್ಲಿ ಅಡಿಕೆ, ತೆಂಗು, ತಗ್ಗಿನಲ್ಲಿ ಗದ್ದೆ, ಗದ್ದೆಯ ಮಗ್ಗುಲಲ್ಲಿ ತೋಡು. ಎತ್ತರದ ಗದ್ದೆಗೆ ಬೆಟ್ಟು, ನಡುವಣದಕ್ಕೆ ಮಜಲು, ತೋಡಿನ ಬದಿಯದಕ್ಕೆ ಬೈಲು ಎಂದು ಹೆಸರು. ನೀರು ಎಷ್ಟು ಕಾಲ ನಿಲ್ಲುವುದೆಂಬುದನ್ನು ಈ ಹೆಸರುಗಳೇ ಹೇಳುತ್ತವೆ. ದಡದ ಕೇದಗೆಯ ಬೇರುಗಳು ಮಣ್ಣನ್ನು ಬಿಗಿಹಿಡಿದಿದ್ದವು. ಬಿದಿರಿನ ಬಾಗಿದ ಕೊಂಬೆಯಿಂದ ಮಿಂಚುಳ್ಳಿಯೊಂದು ನೀರಿಗೆರಗಿ, ಮೀನು ಕಚ್ಚಿ ಹಾರಿತು.

ಈ ತೋಡು ಫಲ್ಗುಣಿಯನ್ನು ಸೇರುತ್ತದೆಯೆಂದು ಮನೆಯವರು ತಿಳಿಸಿದರು. ಪಶ್ಚಿಮಘಟ್ಟದಲ್ಲಿ ಹುಟ್ಟುವ ಫಲ್ಗುಣಿಯು ವೇಣೂರು, ಪೊಳಲಿ, ಗುರುಪುರಗಳನ್ನು ಹಾದು ಬರುತ್ತದೆ. ನೇತ್ರಾವತಿಯು ಧರ್ಮಸ್ಥಳ, ಬಂಟ್ವಾಳಗಳನ್ನು ಹಾದು ಬರುತ್ತದೆ. ಎರಡೂ ಮಂಗಳೂರಿನ ಅಳಿವೆಯಲ್ಲಿ ಒಂದಾಗಿ ಕಡಲನ್ನು ಸೇರುತ್ತವೆ. ನಾವು ಕೈಮುಗಿಯುವ ನದಿಗಳು ಇಂತಹ ನೂರಾರು ತೋಡುಗಳ ಕೊಡುಗೆಯೇ ಅಲ್ಲವೆ?

ವರ್ಷಕ್ಕೆ ಸುಮಾರು 4000 ಮಿಲಿಮೀಟರ್ ಮಳೆ ಬೀಳುವ ಜಿಲ್ಲೆಯಿದು. ಆದರೂ ಬೇಸಗೆಯಲ್ಲಿ ಬಾವಿಗಳು ಬತ್ತುತ್ತವೆಯೆಂದು ಕೇಳಿ ನಮಗೆ ಆಶ್ಚರ್ಯವಾಯಿತು. ಮಳೆಯ ಬಹುಪಾಲು ನಾಲ್ಕೇ ತಿಂಗಳಲ್ಲಿ ಸುರಿಯುತ್ತದೆ. ನೆಲ ಇಳಿಜಾರು, ಕಡಲು ಸಮೀಪ. ಸಂದುಗಳಿರುವ ಮುರಕಲ್ಲು ನೀರನ್ನು ಬೇಗ ಕುಡಿದು ಬೇಗ ಬಿಟ್ಟುಕೊಡುತ್ತದೆ. ಅದಕ್ಕಾಗಿಯೇ ಹಿಂದಿನವರು ಮಳೆ ನಿಂತ ಮೇಲೆ ತೋಡಿಗೆ ಅಡ್ಡಲಾಗಿ ಕಲ್ಲು, ಮಣ್ಣು, ಸೊಪ್ಪುಗಳಿಂದ ‘ಕಟ್ಟ’ ಹಾಕುತ್ತಿದ್ದರು. ನಿಂತ ನೀರು ನೆಲಕ್ಕಿಂಗಿ ಸುತ್ತಲಿನ ಬಾವಿಗಳಿಗೆ ಒರತೆಯಾಗುತ್ತಿತ್ತು.

ಕೊಳವೆಬಾವಿ ಬಂದ ಮೇಲೆ ಆ ಮನೆಯವರೂ ಕಟ್ಟವನ್ನು ಮರೆತಿದ್ದರಂತೆ. ಹಿಂದಿನ ಬೇಸಗೆಯಲ್ಲಿ ಬಾವಿಯ ತಳ ಕಂಡು, ಟ್ಯಾಂಕರಿನ ನೀರಿಗೆ ಕಾಯಬೇಕಾಯಿತು. ಇದರ ನಡುವೆ, ಬೈಲುಗದ್ದೆಗೆ ಮಣ್ಣು ತುಂಬಿಸಿ ಬಾಡಿಗೆಯ ಮನೆಗಳನ್ನು ಕಟ್ಟಿಸುವ ಯೋಚನೆ ಮಕ್ಕಳದು. ಎಂಬತ್ತು ದಾಟಿದ ತಾಯಿ ಮಾತ್ರ ಒಪ್ಪಿರಲಿಲ್ಲ. “ತೋಡಿಗೆ ಜಾಗ ಬಿಡದಿದ್ದರೆ ಆಟಿಯ ಮಳೆಯಲ್ಲಿ ಅದು ನಮ್ಮ ಜಗಲಿಗೇ ಬರುತ್ತದೆ ಮಗಾ” ಎಂದು ಅವರು ನಮ್ಮೆದುರಿನಲ್ಲಿಯೇ ಹೇಳಿದರು. ಮಕ್ಕಳು ಎದುರಾಡಲಿಲ್ಲ, ಒಪ್ಪಿದೆವೆಂದೂ ಹೇಳಲಿಲ್ಲ.

ಮರುದಿನ ಐದು ಮನೆಯವರು ಸೇರಿ ಕಟ್ಟ ಕಟ್ಟಿದರು. ನಾವೂ ಕಲ್ಲು ಹೊತ್ತೆವು; ನಮ್ಮ ಮಕ್ಕಳು ಸೊಪ್ಪು ತಂದರು. ಸಂಜೆಯ ಹೊತ್ತಿಗೆ ನೀರು ಮೊಣಕಾಲು ಮುಟ್ಟಿತು. ಆ ಅಜ್ಜಿ ಮೆಟ್ಟಿಲ ಮೇಲೆ ಕುಳಿತು ನೋಡುತ್ತಲೇ ಇದ್ದರು.

ಮರಳುವಾಗ ಬಂಟ್ವಾಳದಲ್ಲಿ ನೇತ್ರಾವತಿ ಶಾಂತವಾಗಿ ಹರಿಯುತ್ತಿತ್ತು. 1923 ಮತ್ತು 1974ರ ನೆರೆಗಳಲ್ಲಿ ಇದೇ ನದಿ ಆ ಪೇಟೆಯನ್ನು ಮುಳುಗಿಸಿತ್ತು. 2019ರ ಆಗಸ್ಟಿನಲ್ಲಿ ಬೆಳ್ತಂಗಡಿ ತಾಲ್ಲೂಕಿನ ಚಾರ್ಮಾಡಿಯ ಕಡೆಯ ಹೊಳೆಗಳು ಉಕ್ಕಿ, ತೋಟಗಳ ಮೇಲೆ ಮರಳು, ಮರದ ದಿಮ್ಮಿಗಳನ್ನು ತಂದೊಡ್ಡಿದ್ದವು. ಅಜ್ಜಿಯ ಮಾತು ಬರಿಯ ಹಳೆಯ ಕಾಲದ ಅಂಜಿಕೆಯಲ್ಲವೆಂದು ನಮಗೆ ಮನವರಿಕೆಯಾಯಿತು.

ಮಾರ್ಚ್ ಕೊನೆಯಲ್ಲಿ ಸ್ನೇಹಿತರು ಫೋನು ಮಾಡಿದ್ದರು. ಬಾವಿಯಲ್ಲಿ ಇನ್ನೂ ನೀರಿದೆಯಂತೆ. ಗದ್ದೆಗೆ ಮಣ್ಣು ಬಿದ್ದಿಲ್ಲವಂತೆ. ಆ ಸಂಜೆ ನಾವು ಮಕ್ಕಳನ್ನು ಕರೆದುಕೊಂಡು ನಮ್ಮೂರ ಹಳ್ಳದ ಕಡೆಗೆ ಹೋದೆವು. ಎಷ್ಟೋ ವರ್ಷಗಳಿಂದ ನಾವು ಅದರತ್ತ ತಿರುಗಿಯೂ ನೋಡಿರಲಿಲ್ಲ.